ಕೆಂಪು ಚುಕ್ಕಿಯ ಪೆನ್ನು

ಗುರಲಿಂಗಪ್ಪನ ಬಾಯಲ್ಲಿ ಎಲ್ಲಕ್ಕಿಂತ ದೊಡ್ಡ ಬೈಗುಳವೆಂದರೆ ‘ರಿಜೆಕ್ಷನ್’. ಆಟೋದವನು ಸುತ್ತು ಹಾಕಿ ಕರೆತಂದರೆ ರಿಜೆಕ್ಷನ್. ಚಹಾ ನೀರಾಗಿದ್ದರೆ ರಿಜೆಕ್ಷನ್. ಇಲೆಕ್ಷನ್ನಿನಲ್ಲಿ ಯಾರೇ ಗೆದ್ದು ಬಂದರೂ ರಿಜೆಕ್ಷನ್. ಹೆಂಡತಿ ಸುಂದ್ರವ್ವ ಈ ಮಾತು ಕೇಳಿ ಕೇಳಿ ಸಾಕಾಗಿ, ಒಮ್ಮೊಮ್ಮೆ ಅದನ್ನು ಗಂಡನಿಗೇ ತಿರುಗಿಸಿ ಅಂಟಿಸುತ್ತಿದ್ದಳು.

ಮಾತು ಕಾರ್ಖಾನೆಯದು. ಮೀಸೆ ಚಿಗುರುವ ವಯಸ್ಸಿನಲ್ಲಿ ಅಥಣಿ ಕಡೆಯಿಂದ ಮುಂಬಯಿಗೆ ಬಂದ ಗುರಲಿಂಗಪ್ಪ, ಜೋಗೇಶ್ವರಿಯ ಒಂದು ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತವನು ತಲೆ ನೆರೆಯುವವರೆಗೂ ಅಲ್ಲಿಂದ ಕದಲಲಿಲ್ಲ. ನೀರಿನ ವಾಲ್ವಿಗೆ ಬೇಕಾದ ಹಿತ್ತಾಳೆಯ ದಿಂಡುಗಳನ್ನು ಕಡೆಯುವುದು ಅವನ ಕೆಲಸ. ಕಡೆದ ತುಂಡು ಅಳತೆಯ ಗೇಜಿನಲ್ಲಿ ಸರಿಯಾಗಿ ಕೂರಬೇಕು. ಕೂರಲಿಲ್ಲವೋ, ಇನ್‌ಸ್ಪೆಕ್ಟರ್ ಬೆಂಕಿಕಡ್ಡಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ ಅದರ ನೆತ್ತಿಗೊಂದು ಚುಕ್ಕಿ ಇಟ್ಟು ಡಬ್ಬಿಗೆ ಒಗೆಯುತ್ತಿದ್ದ. ಆ ಚುಕ್ಕಿ ಬಿದ್ದ ಮೇಲೆ ಮುಗಿಯಿತು, ಭಟ್ಟಿಗೇ ಹೋಗಬೇಕು. ಸಂಜೆ ಹೊತ್ತಿಗೆ ಉಳಿದವರ ಡಬ್ಬಿಗಳು ತುಂಬಿರುತ್ತಿದ್ದವು. ಗುರಲಿಂಗಪ್ಪನ ಡಬ್ಬಿಯಲ್ಲಿ ಹುಡುಕಿದರೆ ಬೀಡಿ ತುಂಡು ಬಿಟ್ಟು ಬೇರೇನೂ ಸಿಗುವುದಿಲ್ಲ ಎಂದು ಜನ ನಗುತ್ತಿದ್ದರು. ಆ ನಗೆಯನ್ನು ಅವನು ಇವತ್ತಿಗೂ ಶಾಲು ಹೊದಿಸಿದ ಸನ್ಮಾನದಂತೆ ನೆನೆಸಿಕೊಳ್ಳುತ್ತಾನೆ.

ಕಾರ್ಖಾನೆ ಹೋಗಿ ಅಲ್ಲೊಂದು ಎತ್ತರದ ಬಿಲ್ಡಿಂಗ್ ಎದ್ದಿತು. ಮನೆಯಲ್ಲಿ ಕೂತ ಗುರಲಿಂಗಪ್ಪ ಕೂತಲ್ಲಿ ಸುಮ್ಮನಿರದೆ ರೊಟ್ಟಿ ತಪಾಸಣೆಗೆ ತೊಡಗಿದ. ಈ ರೊಟ್ಟಿ ಆ ರೊಟ್ಟಿಗಿಂತ ದಪ್ಪ, ಇದರ ಅಂಚು ಒಂದು ಕಡೆ ಜಗ್ಗಿದೆ, ಹೀಗೆ. ಸುಂದ್ರವ್ವ ಒಂದೆರಡು ತಿಂಗಳು ತಡೆದುಕೊಂಡಳು.

“ಎಲ್ಯಾರ ಹೋಗಿ ಒಂದ ಲೇಥ್ ಹುಡಕ್ಕೋರಿ ಮಾರಾಯರ. ಇಲ್ಲಾಂದ್ರ ನಾಳಿಂದ ನೀವs ರೊಟ್ಟಿ ಬಡೀರಿ, ನಾ ಕುಂತು ಗೇಜ್ ಹಿಡೀತೇನಿ,” ಎಂದು ಒಂದು ದಿನ ಹಿಟ್ಟಿನ ಕೈಯಲ್ಲೇ ಹೇಳಿದಳು.

ಹೋದದ್ದು ಖಂಡಪ್ಪನ ಗಾಲಾಕ್ಕೆ. ಸಣ್ಣ ಸಣ್ಣ ಕಾರ್ಖಾನೆಗಳು ಸಾಲಾಗಿ ಕೂತ ಉದ್ದನೆಯ ಷೆಡ್ಡಿನಲ್ಲಿ ಒಂದೊಂದು ಕೋಣೆಗೂ ಮುಂಬಯಿಯಲ್ಲಿ ಗಾಲಾ ಅನ್ನುತ್ತಾರೆ. ಪಕ್ಕದ ಹಳ್ಳಿಯವನಾದ ಖಂಡಪ್ಪ ಜೋಗೇಶ್ವರಿಯ ಅಂಥದೊಂದು ಗಾಲಾದಲ್ಲಿ ಕಪಾಟು, ಮಂಚ ಮಾಡುತ್ತಿದ್ದ. ಮೂಲೆಯೊಂದನ್ನು ಬಿಟ್ಟುಕೊಟ್ಟ. ಅಲ್ಲಿ ಕಟ್ಟಿಗೆ ಕಡೆಯುವ ಸಣ್ಣ ಲೇಥ್ ಬಂದು ಕೂತಿತು. ಪೆನ್ನು ಮಾಡುವ ಉಪಾಯ ಮಾತ್ರ ಸೊಸೆ ಸ್ನೇಹಲ್‌ಳದು. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ಮಗ ಈಶ್ವರ ಅಂಧೇರಿಯ ಆಫೀಸೊಂದರಲ್ಲಿ ನೌಕರಿ ಹಿಡಿದು, ಬೊರಿವಲಿಯ ಈ ಮರಾಠಿ ಹುಡುಗಿಯನ್ನು ತಾನೇ ಮೆಚ್ಚಿ ಮದುವೆಯಾಗಿದ್ದ. ಅವಳು ಕನ್ನಡ ಕಲಿತದ್ದು ಅತ್ತೆಯ ಅಡುಗೆಮನೆಯಲ್ಲಿ. ಜೀರಿಗೆ ಸಾಸಿವೆಯವರೆಗೆ ಅದು ಸಲೀಸಾಗಿ ಹೋಗುತ್ತಿತ್ತು, ಹೊಸ್ತಿಲು ದಾಟಿದರೆ ಮುಗ್ಗರಿಸುತ್ತಿತ್ತು.

ಖಂಡಪ್ಪನಲ್ಲಿ ಉಳಿದ ಸಾಗವಾನಿ, ಬೀಟೆ, ಹಲಸಿನ ತುಂಡುಗಳೇ ಗುರಲಿಂಗಪ್ಪನ ಮಾಲು. ಮೊದಲು ತುಂಡನ್ನು ಚೌಕವಾಗಿ ಕೊಯ್ದು, ಅದರ ನಟ್ಟನಡುವೆ ಉದ್ದಕ್ಕೂ ತೂತು ಕೊರೆಯಬೇಕು. ಅವಸರ ಮಾಡಿದರೆ ಕಟ್ಟಿಗೆ ಬಿಸಿಯಾಗಿ ಸೀಳುತ್ತದೆ. ತೂತಿನೊಳಗೆ ಹಿತ್ತಾಳೆಯ ತೆಳು ಕೊಳವೆ ಕೂರಿಸಿ, ಅಂಟು ಹಾಕಿ ಒಣಗಲು ಬಿಡಬೇಕು. ಆಮೇಲೆ ಉಕ್ಕಿನ ಸಲಾಕೆಗೆ ಪೋಣಿಸಿ ಲೇಥಿಗೆ ಸಿಗಿಸಿದರೆ ಚೌಕ ತುಂಡು ತಿರುಗುತ್ತ ತಿರುಗುತ್ತ ದುಂಡಗೆ ಕಾಣತೊಡಗುತ್ತದೆ. ಉಳಿ ತಾಗಿದೊಡನೆ ಮೂಲೆಗಳು ಹಾರಿಹೋಗಿ ಸಿಪ್ಪೆ ಸುರುಳಿಯಾಗಿ ಮುಂಗೈ ಮೇಲೆ ಬೀಳುತ್ತದೆ. ಕೊನೆಯ ಸವರು ಇರುತ್ತದಲ್ಲ, ಉಳಿಯ ತುದಿ ತಾಗಿತೋ ಇಲ್ಲವೋ ಅನ್ನುವಂಥದು, ಪೆನ್ನಿಗೆ ರೂಪ ಬರುವುದು ಅದರಲ್ಲಿ. ಮೇಲೆ ಪಾಲಿಶ್ ಪೇಪರಿನ ತಿಕ್ಕಾಟ, ಮೇಣದ ಹೊಳಪು. ಇಷ್ಟಾದ ಪೆನ್ನಿನ ಮೈಯನ್ನು ಅವನು ಮನೆಗೆ ತಂದರೆ ಸ್ನೇಹಲ್ ಸಣ್ಣ ಪ್ರೆಸ್ಸಿನಲ್ಲಿ ಒತ್ತಿ ನಿಬ್ಬು, ಕ್ಲಿಪ್ಪು ಜೋಡಿಸುತ್ತಿದ್ದಳು. ಮಾರಾಟವೂ ಅವಳದೇ.

ಎಲ್ಲ ಸರಿ, ಆದರೆ ಗುರಲಿಂಗಪ್ಪ ಕಟ್ಟಿಗೆಯನ್ನು ಹಿತ್ತಾಳೆ ಅಂತಲೇ ತಿಳಿದ. ಎಣ್ಣೆ ಡಬ್ಬಿಯ ತಗಡನ್ನು ಪೆನ್ನಿನ ಆಕಾರಕ್ಕೆ ಕತ್ತರಿಸಿ ಒಂದು ಅಚ್ಚು ಮಾಡಿಕೊಂಡ. ಕಡೆದ ಪೆನ್ನಿಗೆ ಅದನ್ನು ಒತ್ತಿ ಟ್ಯೂಬ್‌ಲೈಟಿಗೆ ಹಿಡಿಯುವುದು; ನಡುವೆ ಎಲ್ಲಿಯೂ ಬೆಳಕು ಹಾಯಬಾರದು. ಹಾಯಿತೋ, ಬೆಂಕಿಕಡ್ಡಿ, ಕೆಂಪು ಬಣ್ಣ, ನೆತ್ತಿಗೊಂದು ಚುಕ್ಕಿ. ಇನ್‌ಸ್ಪೆಕ್ಟರ್ ಇಲ್ಲದ ಜಾಗದಲ್ಲಿ ತಾನೇ ಇನ್‌ಸ್ಪೆಕ್ಟರ್ ಆದ. ಖಂಡಪ್ಪ ನಗುತ್ತಿದ್ದ. ಇವನಿಗೆ ನಗುವಂಥದ್ದೇನೂ ಕಾಣಲಿಲ್ಲ.

ಬೊರಿವಲಿಯಲ್ಲಿ ಹೆಂಗಸರ ಮಂಡಳಿಯೊಂದು ಪ್ರದರ್ಶನ ಇಟ್ಟಿತ್ತು. ಸ್ನೇಹಲ್ ಅಲ್ಲೊಂದು ಟೇಬಲ್ ಹಿಡಿದಳು, ಮಾವನೂ ಜೊತೆಗೆ ಹೋದ. ಬಟ್ಟೆಯ ಮೇಲೆ ಪೆನ್ನುಗಳ ಸಾಲು, ಕವಾಯತಿಗೆ ನಿಂತ ಪೊಲೀಸರ ಹಾಗೆ. ಒಬ್ಬ ಹೆಂಗಸು ಬಂದು ಒಂದು ಎತ್ತಿ ನೋಡಿದಳು, ಇನ್ನೊಂದು ಎತ್ತಿದಳು, ಎರಡನ್ನೂ ಕೆಳಗಿಟ್ಟಳು.

“ಯೇ ತೋ ಮಶೀನ್ ಕಾ ಹೈ ನಾ?”

“ನಹೀ, ಹಾಥ್ ಕಾ ಹೈ,” ಅಂದ ಗುರಲಿಂಗಪ್ಪ.

“ಸಬ್ ಏಕ್ ಜೈಸಾ ಹೈ. ಹಾಥ್ ಕಾ ಕೈಸೇ?” ಎಲ್ಲ ಒಂದೇ ಥರ, ಕೈಯದು ಹೇಗಾದೀತು ಎನ್ನುತ್ತ ಅವಳು ಮುಂದಿನ ಟೇಬಲ್ಲಿನ ಉಪ್ಪಿನಕಾಯಿಯತ್ತ ನಡೆದಳು.

ಗುರಲಿಂಗಪ್ಪ ಉಬ್ಬಿಹೋದ. ಇಷ್ಟು ವರ್ಷಗಳಲ್ಲಿ ಇನ್‌ಸ್ಪೆಕ್ಟರ್ ಕೂಡ ಅವನನ್ನು ಅಷ್ಟು ಹೊಗಳಿರಲಿಲ್ಲ. ಅದು ಹೊಗಳಿಕೆಯಲ್ಲ ಎಂದು ಸ್ನೇಹಲ್‌ಗೆ ಗೊತ್ತಿತ್ತು. ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ಲಿಗೆ ಕಾಯುತ್ತ, ಖಾಲಿಯಾಗದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಅವಳು ಮೆಲ್ಲಗೆ ಹೇಳಿದಳು.

“ಬಾಬಾ, ತುಮ್ಹಿ ಎಲ್ಲಾ ಸೇಮ್ ಸೇಮ್ ಮಾಡ್ತೀರಿ. ಲೋಕಾಂನಾ ಹ್ಯಾಂಡ್‌ಮೇಡ್ ಬೇಕು ಅಂದ್ರೆ ಥೋಡಾ ಅಲಗ್ ಅಲಗ್, ಬೇರೆ ಬೇರೆ ಬೇಕು.”

“ಅಲಗ್ ಆದ್ರ ಅದಕ್ಕ ಹ್ಯಾಂಡ್‌ಮೇಡ್ ಅನ್ನೂದಿಲ್ಲವ್ವಾ,” ಅಂದ ಗುರಲಿಂಗಪ್ಪ. “ರಿಜೆಕ್ಷನ್ ಅಂತಾರ.”

ಅಲ್ಲಿಗೆ ಮಾತು ಮುಗಿಯಿತು. ಸೊಸೆ ಅಂಥ ಹಟಮಾರಿಯಲ್ಲ, ಮಾವ ಹಟಮಾರಿ.

ಕೈಯ ತೊಂದರೆ ಯಾವಾಗ ಶುರುವಾಯಿತೆಂದು ಅವನಿಗೇ ಗೊತ್ತಿಲ್ಲ. ಮೊದಲು ಅಚ್ಚಿನ ಸಂದಿಯಲ್ಲಿ ದಾರದಷ್ಟು ಬೆಳಕು ಕಂಡಿತು. ಅಚ್ಚು ಸವೆದಿದೆ ಎಂದು ಹೊಸದು ಮಾಡಿದ. ಮತ್ತೆ ಕಂಡಿತು. ವೋಲ್ಟೇಜ್ ಸರಿಯಿಲ್ಲ ಎಂದ. ಖಂಡಪ್ಪನ ಗರಗಸದ ಮಷೀನಿಗೆ ನೆಲ ಅದುರುತ್ತದೆ ಎಂದು ಅವನೊಡನೆ ಒಂದು ಸುತ್ತು ಜಗಳವನ್ನೂ ಆಡಿದ. ಒಂದು ಮಧ್ಯಾಹ್ನ ಕರೆಂಟು ಹೋಗಿ ಎಲ್ಲ ಮಷೀನುಗಳೂ ನಿಂತವು. ಉಳಿಯನ್ನು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಬಾಗಿಲ ಬೆಳಕಿನಲ್ಲಿ ಉಳಿಯ ನೆರಳು ಗೋಡೆಯ ಮೇಲೆ ಬಿದ್ದಿತ್ತು, ಅದರ ತುದಿ ನಡುಗುತ್ತಿತ್ತು. ಗಾಲಾದಲ್ಲಿ ಆಗ ಅಲುಗುವಂಥದು ಬೇರೇನೂ ಇರಲಿಲ್ಲ.

ಅವನಿಗೆ ಹೆದರಿಕೆಯಾಯಿತು. ರೋಗದ ಹೆದರಿಕೆಯಲ್ಲ, ಅದೆಲ್ಲ ಆಮೇಲಿನ ಮಾತು. ಕಾರ್ಖಾನೆಯಲ್ಲಿ ಇವನಂತೆಯೇ ಲೇಥ್ ನಡೆಸುವ ಯಲ್ಲಾಲಿಂಗ ಎಂಬ ಟರ್ನರ್ ಇದ್ದ. ಅವನ ಕೈ ಹೀಗೇ ನಡುಗತೊಡಗಿದಾಗ ಮಾಲೀಕರು ದಯೆ ತೋರಿ ಅವನನ್ನು ಗೇಟಿನ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಒಳಗೆ ಹೋಗುವವರ ಊಟದ ಡಬ್ಬಿ ಮುಟ್ಟಿ ನೋಡುವುದು ಅವನ ಕೆಲಸ. ಎಲ್ಲರೂ ಅವನಿಗೆ ನಮಸ್ಕಾರ ಮಾಡುತ್ತಿದ್ದರು, ಯಾರೂ ಅವನೊಂದಿಗೆ ಲೇಥಿನ ಮಾತು ಆಡುತ್ತಿರಲಿಲ್ಲ. ಗುರಲಿಂಗಪ್ಪನ ಮನೆಯಲ್ಲಿ ಸ್ಟೂಲೂ ಬೇಕಾಗಿರಲಿಲ್ಲ. ಮೊದಲಿಂದಲೂ ಈಶ್ವರ “ಈ ವಯಸ್ಸಿನಾಗ ತಿರಗೋ ಮಷೀನ್ ಮುಂದ ಯಾಕ ನಿಂದರ್ತಿ ಅಪ್ಪಾ” ಅನ್ನುತ್ತಲೇ ಇದ್ದ. ಕೈಯ ಸುದ್ದಿ ತಿಳಿದರೆ ಬರುವ ಭಾನುವಾರದೊಳಗೆ ಲೇಥ್ ಯಾರದೋ ಟೆಂಪೋ ಏರುತ್ತಿತ್ತು. ಆಮೇಲೆ ಇವನು ಮನೆಯಲ್ಲಿ ಕೂತು ರೊಟ್ಟಿ ನೋಡಬೇಕು. ಲೇಥ್ ಉಳಿಯಬೇಕಾದರೆ ಮನೆಯಲ್ಲಿ ಕೈಯ ವಿಷಯ ಗೊತ್ತಾಗಕೂಡದು, ಅಷ್ಟೇ.

ಅಂದಿನಿಂದ ಅವನ ವರಸೆಯೇ ಬದಲಾಯಿತು. ಗಡ್ಡವನ್ನು ಮನೆಯಲ್ಲಿ ತೆಗೆದುಕೊಳ್ಳುವುದು ಬಿಟ್ಟು ಸಲೂನಿಗೆ ಹೋಗತೊಡಗಿದ. ಮನೆಯಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಓಡಾಡತೊಡಗಿದ.

“ಏನ್ರಿ, ಮಂತ್ರಿಗೋಳ ಗತೆ ಕೈ ಕಟಗೊಂಡು ಅಡ್ಡಾಡಾಕತ್ತೀರಿ? ಯಾವ ಖಾತೆ ಸಿಕ್ಕೈತಿ?” ಎಂದು ಸುಂದ್ರವ್ವ ಕೇಳಿದಳು. ಅವನು ಬೆನ್ನು ನೋವು ಅಂದ. ಅವಳು ಎಣ್ಣೆ ಕಾಯಿಸಿ ತಂದು ಬೆನ್ನು ತಿಕ್ಕಿದಳು. ಇಲ್ಲದ ನೋವಿಗೆ ಅವನು ನರಳಬೇಕಾಯಿತು.

ಗಾಲಾದಲ್ಲಿ ಕೆಂಪು ಚುಕ್ಕಿಗಳು ಹೆಚ್ಚಿದವು. ಒಂದು ಪೆನ್ನಿನ ಹೊಟ್ಟೆ ತುಸು ಉಬ್ಬಿರುತ್ತಿತ್ತು, ಇನ್ನೊಂದರ ಸೊಂಟ ಬಳುಕಿರುತ್ತಿತ್ತು, ಮತ್ತೊಂದರಲ್ಲಿ ಹೆಬ್ಬೆರಳಿಡುವ ಕಡೆ ತಗ್ಗು ಬಿದ್ದಿರುತ್ತಿತ್ತು. ಹಿತ್ತಾಳೆಯಾಗಿದ್ದರೆ ಕರಗಿಸಬಹುದಿತ್ತು. ಕಟ್ಟಿಗೆಯನ್ನು ಸುಡಬೇಕು. ಸುಡೋಣ ಸುಡೋಣ ಎನ್ನುತ್ತ ಬಿಸ್ಕೀಟಿನ ದೊಡ್ಡ ಡಬ್ಬಿಯೊಂದರಲ್ಲಿ ತುಂಬಿ ಬೆಂಚಿನ ಕೆಳಗೆ ತಳ್ಳುತ್ತಿದ್ದ. ಪಾಸಾದ ನಾಲ್ಕಾರು ಪೆನ್ನುಗಳನ್ನು ಮಾತ್ರ ಮನೆಗೆ ಒಯ್ದು, ಈಚೆಗೆ ಕಟ್ಟಿಗೆ ಛಲೋ ಬರುತ್ತಿಲ್ಲ ಎಂದು ಸೊಸೆಗೆ ಹೇಳುತ್ತಿದ್ದ.

ಹೀಗಿರುವಾಗ ಅಥಣಿ ಕಡೆ ಬಳಗದಲ್ಲಿ ಮದುವೆ ಬಂತು. ಗಂಡ ಹೆಂಡತಿ ಊರಿಗೆ ಹೋದರು. ಅದೇ ವಾರ ಅಂಧೇರಿಯಲ್ಲಿ ದೊಡ್ಡದೊಂದು ಪ್ರದರ್ಶನವಿತ್ತು, ಸ್ನೇಹಲ್ ಬಳಿ ಇಡಲು ಪೆನ್ನಿರಲಿಲ್ಲ. ಮುಂದೆ ನಡೆದದ್ದೆಲ್ಲ ಗುರಲಿಂಗಪ್ಪನಿಗೆ ಊರಿಂದ ಬಂದ ಮೇಲೆ ತಿಳಿದದ್ದು.

ಅವಳು ಗಾಲಾಕ್ಕೆ ಹೋಗಿ ಖಂಡಪ್ಪನನ್ನು ಕೇಳಿದಳು. ಖಂಡಪ್ಪ ಮಂಚದ ಕಾಲು ಕೂರಿಸುವುದರಲ್ಲಿದ್ದ, “ಅಲ್ಲೇ ಎಲ್ಲ್ಯಾರ ಇರಬೇಕ ನೋಡವ್ವಾ” ಅಂದ. ಬೆಂಚಿನ ಕೆಳಗಿನ ಡಬ್ಬಿ ತೆರೆದಳು. ಒಳಗೆ ತುಂಬ ಪೆನ್ನಿನ ಮೈಗಳು, ಪಾಲಿಶ್ ಆದವು, ಒಂದರಂತೆ ಇನ್ನೊಂದಿಲ್ಲ. ಬಾಬಾ ಕೊನೆಗೂ ತನ್ನ ಮಾತು ಕೇಳಿದ್ದಾನೆ, ಒಪ್ಪಿಕೊಳ್ಳಲು ನಾಚಿಕೆಯಾಗಿ ಮುಚ್ಚಿಟ್ಟಿದ್ದಾನೆ ಎಂದು ಅವಳಿಗೆ ಸಂತೋಷವಾಯಿತು. ಇನ್ನು ಆ ಕೆಂಪು ಚುಕ್ಕಿ. ಅದರ ಬಗ್ಗೆ ಅವಳಿಗೆ ಸಂಶಯವೇ ಬರಲಿಲ್ಲ. ಆ ಮನೆಯಲ್ಲಿ ಸುಂದ್ರವ್ವ ಕುಂಕುಮ ಹಚ್ಚದೆ ಯಾವ ಹೊಸ ವಸ್ತುವೂ ಬಳಕೆಗೆ ಬರುತ್ತಿರಲಿಲ್ಲ. ಕುಕ್ಕರಿಗೆ ಹಚ್ಚಿದ್ದಳು, ಗ್ಯಾಸ್ ಸಿಲಿಂಡರಿಗೆ ಪ್ರತಿ ಸಲ ಹಚ್ಚುತ್ತಿದ್ದಳು, ಈಶ್ವರನ ಹೆಲ್ಮೆಟ್ಟಿಗೂ ಫೋನಿನ ಚಾರ್ಜರಿಗೂ ಬಿಟ್ಟಿರಲಿಲ್ಲ. ಹೊಸ ಸೊಸೆಯಾಗಿ ಬಂದ ದಿನ ಸ್ನೇಹಲ್‌ಳನ್ನೇ ಹೊಸ್ತಿಲಲ್ಲಿ ನಿಲ್ಲಿಸಿ ಹಚ್ಚಿದ್ದಳು. ದೇವರು ದಿಂಡರು ಎಂದರೆ ದೂರ ಸರಿಯುವ ಮಾವ ಒಂದೊಂದು ಪೆನ್ನಿಗೂ ಕುಂಕುಮ ಇಟ್ಟಿದ್ದಾನಲ್ಲ, ಅದೂ ಅಳಿಸಬಾರದೆಂದು ಬಣ್ಣದಲ್ಲಿ ಇಟ್ಟಿದ್ದಾನಲ್ಲ ಎಂದು ಅವಳ ಕಣ್ಣು ತುಂಬಿ ಬಂದವಂತೆ.

ಊರಿಂದ ಬಂದ ದಿನ ಊಟಕ್ಕೆ ಕೂತಾಗ ಅವಳು ಸುದ್ದಿ ಬಿಚ್ಚಿದಳು.

“ಬಾಬಾ, ಸಗಳೇ ಖಲಾಸ್! ಎಲ್ಲಾ ಪೆನ್ ಹೋಯ್ತು. ಲೋಕ ಕೈಯಾಗೆ ಹಿಡಿದು ಬಿಡೋದೇ ಇಲ್ಲ!”

“ಯಾವ ಪೆನ್ನು?”

“ಡಬ್ಬಿದು. ಬೆಂಚ್ ಕೆಳಗೆ ಇತ್ತಲ್ಲ, ಕುಂಕುಮಾಚೆ.”

ಗುರಲಿಂಗಪ್ಪನ ಗಂಟಲಲ್ಲಿ ರೊಟ್ಟಿ ನಿಂತಿತು. ಸುಂದ್ರವ್ವ ನೀರು ಕೊಟ್ಟಳು. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ಸ್ನೇಹಲ್ ಫೋನು ತಂದು ಫೋಟೋ ತೋರಿಸಿದಳು. ಜನ, ಜನರ ಕೈ, ಕೈಯಲ್ಲಿ ಅವನ ಸೊಟ್ಟ ಪೆನ್ನುಗಳು. ನೆತ್ತಿಯ ಮೇಲೆ ಕೆಂಪು ಚುಕ್ಕಿ ಎದ್ದು ಕಾಣುತ್ತಿತ್ತು. ರಿಜೆಕ್ಟ್ ಆದ ಮಾಲು ಗೇಟು ದಾಟಿ ಬಜಾರಿಗೆ ಹೋಗಿದೆ. ಕಾರ್ಖಾನೆಯಲ್ಲಾಗಿದ್ದರೆ ಅಂಥ ದಿನ ಅವನು ಮುಖ ಎತ್ತಿ ಮನೆಗೆ ಬರುತ್ತಿರಲಿಲ್ಲ.

ಅದು ಕುಂಕುಮವಲ್ಲ ಎಂದು ಒಂದೇ ಮಾತು ಹೇಳಿದರೆ ಸಾಕಿತ್ತು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಒಂದು ಡಬ್ಬಿ ತುಂಬ ರಿಜೆಕ್ಷನ್ ಆದದ್ದು ಹೇಗೆ? ಈಶ್ವರ ಎದುರಿಗೇ ಕೂತು ಅನ್ನ ಕಲಸುತ್ತಿದ್ದ.

“ಹೂಂ,” ಅಂದ ಗುರಲಿಂಗಪ್ಪ. “ಛಲೋ ಆತು.”

ಆಮೇಲೆ ಸ್ನೇಹಲ್‌ಳ ಫೋನು ಸುಮ್ಮನಾಗಲಿಲ್ಲ. ಕೆಂಪು ಚುಕ್ಕಿಯ ಪೆನ್ನು ಎಂದೇ ಹೆಸರು ಬಿತ್ತು. ಚುಕ್ಕಿ ಇಲ್ಲದ್ದನ್ನು ತೋರಿಸಿದರೆ ಇದು ನಕಲಿಯೇ ಎಂದು ಜನ ಕೇಳುತ್ತಿದ್ದರು. ಗುರಲಿಂಗಪ್ಪ ಗಾಲಾಕ್ಕೆ ಹೋಗುವುದು, ಉಳಿ ಹಿಡಿಯುವುದು, ಅಚ್ಚು ಒತ್ತಿ ನೋಡುವುದು, ಚುಕ್ಕಿ ಇಡುವುದು ಎಲ್ಲ ಮೊದಲಿನಂತೆಯೇ ನಡೆಯಿತು. ಡಬ್ಬಿ ಬೆಂಚಿನ ಕೆಳಗೆ ಹೋಗುವ ಬದಲು ಮನೆಗೆ ಹೋಗುತ್ತಿತ್ತು, ಅಷ್ಟೇ ಫರಕು. ಕೈ ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗಬೇಕು? ಕಳ್ಳನನ್ನು ಹುಡುಕುವವರೇ ಅವನಿಗೆ ಹಾರ ಹಾಕಿದಂತಾಗಿತ್ತು. ಅವನಿಗೆ ನೆಮ್ಮದಿಯಾಗಬೇಕಿತ್ತು. ನಾಚಿಕೆಯಾಗುತ್ತಿತ್ತು.

ಒಮ್ಮೆ ಲೋಕಲ್ಲಿನಲ್ಲಿ ಎದುರು ನಿಂತ ತರುಣನೊಬ್ಬ ಕಂಬಕ್ಕೆ ಒರಗಿ, ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ನಂಬರು ಬರೆದುಕೊಂಡ. ಬೀಟೆಯ ಪೆನ್ನು, ನೆತ್ತಿಗೆ ಚುಕ್ಕಿ, ಹಿಡಿಯುವಲ್ಲಿ ಒಂದು ತಗ್ಗು. ಆ ತಗ್ಗು ಯಾವ ದಿನ ಬಿತ್ತು, ಉಳಿ ಹೇಗೆ ಜಾರಿತು ಎಂಬುದೆಲ್ಲ ಗುರಲಿಂಗಪ್ಪನಿಗೆ ನೆನಪಿತ್ತು. ಹುಡುಗನ ಹೆಬ್ಬೆರಳು ಆ ತಗ್ಗಿನಲ್ಲಿ ಸುಖವಾಗಿ ಕೂತಿತ್ತು. ಕಾಣಲಿಲ್ಲ ಅಂತಲ್ಲ, ಕಂಡಿತು, ಕಂಡು ಸಿಟ್ಟು ಬಂತು. ಕಸಿದು ಹೊರಗೆ ಒಗೆಯಬೇಕು ಅನ್ನಿಸಿತು. ಅಂಧೇರಿ ಬಂದು ಜನ ನುಗ್ಗಿದರು, ಹುಡುಗ ಮರೆಯಾದ.

ಇಷ್ಟರಲ್ಲಿ ಒಂದು ಜೋಡಿಯ ಆರ್ಡರು ಬಂತು. ಅಂಧೇರಿಯ ಒಬ್ಬ ಮೇಡಂ ತನಗಾಗಿ ಹಲಸಿನ ಪೆನ್ನೊಂದನ್ನು ಒಯ್ದಿದ್ದಳು. ಅದನ್ನು ನೋಡಿದ ಅವಳ ತಂಗಿ ತನಗೂ ಬೇಕೆಂದು ಕೂತಳು. ಬೇರೆಯದು ಬೇಡ, ಇದೇ ಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಮಾದರಿಗೆಂದು ಅಕ್ಕನ ಪೆನ್ನನ್ನೇ ಕಳಿಸಿಕೊಟ್ಟರು. ಸ್ನೇಹಲ್ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. ಸೇಮ್ ಮಾಡುವುದೆಂದರೆ ಬಾಬಾಗೆ ಎಡಗೈ ಕೆಲಸ, ಅದೂ ಅವನಿಗೆ ಇಷ್ಟದ ಕೆಲಸ. ತನ್ನ ಹಟ ನಡೆದ ಮೇಲೆ ಒಮ್ಮೆ ಅವನ ಮನಸ್ಸಿನಂತೆಯೂ ಆಗಲಿ ಎಂದು ಅವಳು ಖುಷಿಯಿಂದಲೇ ತಂದುಕೊಟ್ಟಳು.

ಗುರಲಿಂಗಪ್ಪನೂ ಹಿಗ್ಗಿದ. ಬಹಳ ದಿನಗಳ ಮೇಲೆ ಒಂದು ಅಳತೆಯ ಕೆಲಸ. ಆ ಪೆನ್ನಿನ ಮೈಗೆ ಸರಿಯಾಗಿ ತಗಡನ್ನು ಅರದಿಂದ ಉಜ್ಜಿ ಉಜ್ಜಿ ಹೊಸ ಅಚ್ಚು ಮಾಡಿದ. ಅದರ ಉಬ್ಬು, ಅದರ ತಗ್ಗು, ಕೊರಳ ಬಳಿಯ ಸಣ್ಣ ವಾಲು, ಎಲ್ಲ ತಗಡಿನಲ್ಲಿ ಬಂತು. ಹಲಸಿನ ತುಂಡು ಸಿಗಿಸಿ ಉಳಿ ಹಿಡಿದ. ಮುಗಿಸಿ ಅಚ್ಚು ಒತ್ತಿ ನೋಡಿದರೆ ತಗ್ಗು ಇರಬೇಕಾದಲ್ಲಿ ಉಬ್ಬು, ಉಬ್ಬು ಇರಬೇಕಾದಲ್ಲಿ ಬೆಳಕು. ಮತ್ತೊಂದು ತುಂಡು. ಅದು ಮತ್ತೆಲ್ಲೋ ಹೋಯಿತು. ನಡುಕ ಒಮ್ಮೆ ಬಂದಲ್ಲಿ ಇನ್ನೊಮ್ಮೆ ಬರಲೊಲ್ಲದು. ಇವನು ಬೇಕೆಂದು ಉಳಿ ಒತ್ತಿದರೆ ಅದು ಕೊರೆದ ಗಾಯದಂತೆ ಕಾಣುತ್ತಿತ್ತು. ತನ್ನ ಕೈಯೇ ಮಾಡಿದ ತಪ್ಪನ್ನು ತನ್ನ ಕೈಗೇ ಮತ್ತೆ ಮಾಡಲು ಬರಲಿಲ್ಲ. ಹಟ ಏರಿತು. ಬೆಳಗಿನ ಹೊತ್ತು ಕೈ ತುಸು ನಿಲ್ಲುತ್ತದೆಂದು ಬೇಗ ಬಂದು ನೋಡಿದ. ಸಾಲದೆ ಒಂದು ದಿನ ಊಟ ಬಿಟ್ಟು ನಿಂತ. ರಿಜೆಕ್ಷನ್ನಿನ ನಕಲೂ ರಿಜೆಕ್ಷನ್ ಆಗುತ್ತ ಹೋಯಿತು, ಅವನು ಒಂದೊಂದಕ್ಕೂ ಚುಕ್ಕಿ ಇಡುತ್ತ ಹೋದ.

ಪೆನ್ನು ಎಲ್ಲಿ ಎಂದು ಮೇಡಂ ಫೋನು ಮಾಡತೊಡಗಿದಳು. ಮಾವನನ್ನು ಕೇಳಿದರೆ ನಾಳೆ ನಾಳೆ ಅನ್ನುತ್ತಿದ್ದ. ಒಂದು ಮಧ್ಯಾಹ್ನ ಸ್ನೇಹಲ್ ತಾನೇ ಗಾಲಾಕ್ಕೆ ಬಂದಳು. ಖಂಡಪ್ಪ ಕಪಾಟು ಮುಟ್ಟಿಸಲು ಹೋಗಿದ್ದ. ಲೇಥ್ ತಿರುಗುತ್ತಿತ್ತು. ಅದರ ಸದ್ದಿನಲ್ಲಿ ಗುರಲಿಂಗಪ್ಪನಿಗೆ ಅವಳು ಬಂದದ್ದು ಕೇಳಿಸಲಿಲ್ಲ. ಕೊನೆಯ ಸವರಿಗೆಂದು ಉಳಿ ಎತ್ತಿದ್ದ. ಉಳಿ ಕಟ್ಟಿಗೆಯನ್ನು ತಾಗುತ್ತಿತ್ತು, ಬಿಡುತ್ತಿತ್ತು, ತಾಗುತ್ತಿತ್ತು. ಎಡಗೈಯಿಂದ ಬಲ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡ. ಈಗ ಎರಡೂ ಸೇರಿ ನಡುಗಿದವು. ಮಷೀನು ಬಂದ್ ಮಾಡಿ ತಿರುಗಿದವನು ಸೊಸೆಯನ್ನು ನೋಡಿದ.

ಕೈಯನ್ನು ಜೇಬಿಗೆ ಹಾಕಿದ. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ ಎಂದುಕೊಂಡ. ಅವಳ ಮುಖ ನೋಡಿದರೆ ಬೇಕಾದಷ್ಟು ಹೊತ್ತಿನಿಂದ ನಿಂತಿದ್ದಳು.

ಸೊಸೆ ಮಾವನನ್ನು ಮುಟ್ಟುವ ರೂಢಿ ಆ ಮನೆಯಲ್ಲಿರಲಿಲ್ಲ. ಸ್ನೇಹಲ್ ಹತ್ತಿರ ಬಂದು ಅವನ ಮುಂಗೈ ಹಿಡಿದು ಜೇಬಿನಿಂದ ಹೊರಗೆ ತೆಗೆದಳು. ಅವಳ ಕೈಯೊಳಗೂ ಅದು ನಡುಗುತ್ತಿತ್ತು.

“ಬಾಬಾ, ಹೇ ಕಧೀಪಾಸೂನ್? ಯಾವಾಗಿಂದ?”

“ಆತವ್ವಾ, ಭಾಳ ದಿನಾತು.”

ಅವಳು ಬೆಂಚಿನತ್ತ ನೋಡಿದಳು. ಹಲಸಿನ ಪೆನ್ನುಗಳು ಒಂದರ ಪಕ್ಕ ಒಂದು ಬಿದ್ದಿದ್ದವು. ಕೆಲವುಗಳ ಚುಕ್ಕಿ ಇನ್ನೂ ಹಸಿಯಾಗಿತ್ತು.

“ಇದು ಮ್ಯಾಚ್ ಆಗಿಲ್ಲ ಅಲ್ಲ? ಮತ್ತೆ ಕುಂಕುಮ ಯಾಕೆ ಹಚ್ಚೀರಿ?”

ಗುರಲಿಂಗಪ್ಪನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ನಿಜ ಹೇಳಿದರೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದಾದರೂ ತಪ್ಪೀತು.

“ಅದು ಕುಂಕುಮ ಅಲ್ಲ ಮಗಳ. ಪಾಸ್ ಆಗದ ಮಾಲಿಗೆ ಇಡೂ ಚುಕ್ಕಿ. ರಿಜೆಕ್ಷನ್.”

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಖಂಡಪ್ಪನ ಅರ್ಧ ಮುಗಿದ ಮಂಚದ ಮೇಲೆ ಕೂತಳು.

“ಸಗಳೇ? ಎಲ್ಲಾ?”

“ಎಲ್ಲಾ. ನೀ ಮಾರಿದ್ದೂ ಅದs.”

ಸ್ನೇಹಲ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಾಳೋ ಅಳುತ್ತಾಳೋ ಗುರಲಿಂಗಪ್ಪನಿಗೆ ತಿಳಿಯಲಿಲ್ಲ, ಅವಳಿಗೂ ತಿಳಿದಂತಿರಲಿಲ್ಲ. ಅವನಿಗೆ ಅದರ ಗೊಡವೆಯೂ ಇರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ.

“ಈಶ್ವರಗ ಹೇಳಬ್ಯಾಡ,” ಅಂದ. ಇಷ್ಟು ಸಣ್ಣ ದನಿಯಲ್ಲಿ ಅವನು ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿರಲಿಲ್ಲ. “ಮಷೀನ್ ತಗಸಿಬಿಡತಾನ ಅಂವಾ. ಮನ್ಯಾಗ ಕುಂತು ನಾ ಏನ ಮಾಡ್ಲಿ ಹೇಳು?”

ಅವಳು ಕಣ್ಣು ಒರೆಸಿಕೊಂಡು ಎದ್ದಳು.

“ಲಪವಾಯಚಂ ನಾಹೀ, ಬಾಬಾ. ಮುಚ್ಚಿಡೋದು ಇಲ್ಲ. ಉದ್ಯಾ, ನಾಳೆನೇ ಡಾಕ್ಟರ್ ಕಡೆ ಹೋಗೋಣ, ನಾನು ಬರ್ತೀನಿ. ಈಶ್ವರಗೆ ನಾನೇ ಹೇಳ್ತೀನಿ.”

“ಮತ್ತ ಮಷೀನು?”

“ಡಾಕ್ಟರ್ ಬೇಡ ಅನ್ನೋವರೆಗೆ ಮಷೀನ್ ಇಲ್ಲೇ ಇರ್ತದೆ. ಈಶ್ವರಗೆ ತೆಗೀಬೇಕು ಅಂದ್ರೆ ಮೊದಲು ನನ್ನ ಜೊತೆ ಭಾಂಡಣ ಮಾಡ್ಲಿ.”

ಸ್ನೇಹಲ್ ಜೊತೆ ಜಗಳಕ್ಕೆ ನಿಂತು ಈಶ್ವರ ಗೆದ್ದದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಗುರಲಿಂಗಪ್ಪನ ಎದೆಯ ಮೇಲಿದ್ದ ಭಾರ ಸ್ವಲ್ಪ ಸರಿಯಿತು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಂಧೇರಿಯ ಮೇಡಂ. ಸ್ನೇಹಲ್ ಮೂಗು ಎಳೆದು, ದನಿ ಸರಿಮಾಡಿಕೊಂಡು, ಟೇಬಲ್ ಹಾಕಿದಾಗ ಗಿರಾಕಿಗಳೊಡನೆ ಮಾತಾಡುವ ಠೀವಿಯಲ್ಲಿ ಶುರುಮಾಡಿದಳು.

“ನಹೀ ಮ್ಯಾಡಮ್, ಜೋಡಿ ನಹೀ ಮಿಲೇಗೀ. ಆಪಕಾ ಪೆನ್ ವಾಪಸ್ ಭೇಜ್ ದೇತೀ ಹೂಂ. ಹಮಾರೇ ಬಾಬಾ ಏಕ್ ಜೈಸೇ ದೋ ನಹೀ ಬನಾತೇ.”

ಜೋಡಿ ಸಿಗುವುದಿಲ್ಲ, ನಮ್ಮ ಬಾಬಾ ಒಂದೇ ಥರದ ಎರಡು ಮಾಡುವುದಿಲ್ಲ ಎಂದದ್ದಕ್ಕೆ ಅತ್ತ ಕಡೆಯಿಂದ ಬೇಡಿಕೆ ನಡೆದಿತ್ತು. ಒಮ್ಮೆ ಹೇಳಿ ನೋಡು, ಮನಸ್ಸು ಮಾಡಿದರೆ ಮಾಡಿಯಾರು ಎಂದಿರಬೇಕು. ಸ್ನೇಹಲ್ ಹೆಮ್ಮೆಯಿಂದ ನಕ್ಕಳು.

“ಅರೇ ನಹೀ, ಉನಸೇ ಹೋತಾ ಹೀ ನಹೀ. ಏಕ್ ಕೇ ಜೈಸಾ ದೂಸರಾ ವೋ ಬನಾ ಹೀ ನಹೀ ಸಕತೇ!”

ಲೇಥ್ ನಿಂತಿದ್ದರಿಂದ ಗಾಲಾದಲ್ಲಿ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಒಂದರಂಥದು ಇನ್ನೊಂದು ಇವನಿಂದ ಆಗುವುದೇ ಇಲ್ಲ. ಶಿಫ್ಟಿನ ಮೇಲೆ ಶಿಫ್ಟು ಒಂದರಂಥದೇ ಇನ್ನೊಂದು ಮಾಡಿ ಮಾಡಿ ಮುದುಕನಾದವನ ಬಗ್ಗೆ ಅವನ ಎದುರಿಗೇ, ಅವನ ಮನೆಯ ಹುಡುಗಿ, ಅವನ ಮೇಲಿನ ಅಕ್ಕರೆಯಿಂದ ಹೇಳಿದ ಮಾತು. ಗುರಲಿಂಗಪ್ಪನಿಗೆ ನೋವಾಯಿತು. ಇನ್‌ಸ್ಪೆಕ್ಟರ್ ಬಂದು ಹಣೆಗೆ ಚುಕ್ಕಿ ಇಟ್ಟಿದ್ದರೂ ಇಷ್ಟು ಆಗುತ್ತಿರಲಿಲ್ಲ.

ಫೋನು ಇಟ್ಟ ಸ್ನೇಹಲ್ ಮಾವನ ಮುಖ ನೋಡಿದಳು. ತಾನು ಏನು ಹೇಳಿದೆ ಎಂಬುದು ಆಗ ಅವಳ ಕಿವಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡಳು.

“ಬಾಬಾ, ನಾನು ಹಾಗೆ ಅಲ್ಲ...”

“ಇರ್ಲಿ ಬಿಡವ್ವಾ,” ಅಂದ ಗುರಲಿಂಗಪ್ಪ. “ಖರೇನs ಹೇಳಿದಿ.”

ಎದುರಿನ ಗಾಲಾದಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಅವನು ಲೇಥಿನ ಕಡೆ ತಿರುಗಿ, ಸಲಾಕೆಯ ಮೇಲಿದ್ದ ಪೆನ್ನನ್ನು ಬಿಚ್ಚಿ ಬದಿಗಿಟ್ಟ. ಅದಕ್ಕೆ ಅಚ್ಚು ಒತ್ತಿ ನೋಡಲಿಲ್ಲ.

“ಅಲ್ಲಿ ಹಲಸಿಂದು ಇನ್ನೊಂದ ತುಂಡ ಐತಿ ನೋಡು, ಇತ್ತಾಗ ಕೊಡು,” ಎಂದು ಬಲಗೈ ಚಾಚಿದ. ಕೈ ಅವಳ ಕಣ್ಣೆದುರಿಗೇ ನಡುಗಿತು. ಅವನು ಅದನ್ನು ಹಿಂದೆ ಎಳೆದುಕೊಳ್ಳಲಿಲ್ಲ.

ಸ್ನೇಹಲ್ ತುಂಡನ್ನು ತಂದು ಅಂಗೈ ಮೇಲೆ ಇಟ್ಟಳು. ಬೆರಳುಗಳು ಮುಚ್ಚಿ ಅದನ್ನು ಹಿಡಿಯುವವರೆಗೂ ತನ್ನ ಕೈ ಬಿಡಲಿಲ್ಲ.